ಕಿಸೆಯಲ್ಲೊಂದು ಲಿಂಬೆಹಣ್ಣು: ನಾನು ಮದುವೆ ಫೋಟೋಗ್ರಾಫರ್ ಆದ ಕಥೆ

ಆಷಾಢ ಶುರುವಾಯಿತು. ಇನ್ನು ಒಂದು ತಿಂಗಳು ಮದುವೆ ಇಲ್ಲ. ತುಳಸಿ ಲಗ್ನ ಮುಗಿದ ಮೇಲೆ ಹಿಡಿದ ಓಟ ಮೊನ್ನೆ ನಿಂತಿತು. ನಿನ್ನೆ ಬ್ಯಾಗಿನ ಸಾಮಾನೆಲ್ಲ ಚಾಪೆ ಮೇಲೆ ಹರವಿಕೊಂಡು ಧೂಳು ಒರೆಸುತ್ತಾ ಕೂತಿದ್ದೆ. ಲೆನ್ಸ್ ಹುಡ್ ಒಳಗಿನಿಂದ ಅಕ್ಷತೆಯ ಹಳದಿ ಅಕ್ಕಿಕಾಳು ಉದುರಿದವು. ಬ್ಯಾಗಿನ ತಳದಲ್ಲಿ ಒಣಗಿ ಗೋಲಿಯಾಗಿದ್ದ ಲಿಂಬೆಹಣ್ಣು ಸಿಕ್ಕಿತು. ಆ ಲಿಂಬೆಹಣ್ಣಿನ ವಿಷಯ ಆಮೇಲೆ ಹೇಳುತ್ತೇನೆ.

ಹೋದ ವರ್ಷ ವೈಶಾಖದಲ್ಲಿ ಒಂದು, ಈ ಸೀಜನ್‌ನಲ್ಲಿ ಹದಿನೆಂಟು, ಒಟ್ಟು ಹತ್ತೊಂಬತ್ತು ಮದುವೆ ಸ್ವಂತವಾಗಿ ಮಾಡಿದ್ದೇನೆ. ಇದೇನು ದೊಡ್ಡ ಲೆಕ್ಕ ಅಲ್ಲ. ಆದರೆ ನಮ್ಮ ವಿಜಯಪುರ ಕಡೆ "ಒಂದು ಕ್ಯಾಮೆರಾ ತಗೊಂಡ್ರ ಆತು, ಸೀಜನ್‌ದಾಗ ಎರಡು ಲಕ್ಷ ಎಲ್ಲೂ ಹೋಗಂಗಿಲ್ಲ" ಅಂತ ಹೇಳಿಕೊಂಡು ತಿರುಗುವ ಹುಡುಗರು ಬಹಳ ಇದ್ದಾರೆ. ನಾನೂ ಹಾಗೇ ಹೇಳಿಕೊಂಡು ತಿರುಗಿದವನೇ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ನಾನು ಬಿದ್ದ ಗುಂಡಿ ಎಲ್ಲೆಲ್ಲಿ ಇವೆ ಅಂತ ಗೊತ್ತಿರಲಿ.

ಇದಕ್ಕೂ ಮುಂಚೆ ನಾನು ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ತಿಂಗಳಿಗೆ 13 ಸಾವಿರ. ಮೊಬೈಲಿನಲ್ಲಿ ಫೋಟೋ ಚೆನ್ನಾಗಿ ತೆಗೆಯುತ್ತೇನೆ ಅಂತ ಗೆಳೆಯರು ಹೊಗಳಿ ಹೊಗಳಿ ತಲೆ ಕೆಡಿಸಿದ್ದರು. ನಮ್ಮ ಓಣಿಯಲ್ಲೇ ಒಬ್ಬರು ಹಳೆಯ ಫೋಟೋಗ್ರಾಫರ್ ಇದ್ದಾರೆ. ರೀಲ್ ಕಾಲದಿಂದ ಮದುವೆ ಮಾಡಿದವರು. ನಾವೆಲ್ಲ ಕಾಕಾ ಅನ್ನುತ್ತೇವೆ. ಕ್ಯಾಮೆರಾ ಯಾವುದು ತಗೊಳ್ಳಲಿ ಅಂತ ಕೇಳಲು ಹೋದೆ. ಅವರು ನನ್ನನ್ನು ಒಂದು ಸಲ ನೋಡಿ, "ಈಗs ಏನೂ ತಗೋಬ್ಯಾಡ. ರವಿವಾರ ಸಿಂದಗಿ ಕಡೆ ಒಂದು ಲಗ್ನ ಐತಿ. ಲೈಟ್ ಹಿಡಿಯಾಕ ಬಾ" ಅಂದರು.

ಆರು ತಿಂಗಳು ಲೈಟ್ ಹಿಡಿದೆ. ದಿನಕ್ಕೆ 600 ರೂಪಾಯಿ, ಜೊತೆಗೆ ಮದುವೆ ಊಟ. ಮೊದಲ ತಿಂಗಳು ಬಹಳ ಬೇಜಾರಾಯಿತು, ಯಾಕೆಂದರೆ ಕಾಕಾ ಕ್ಯಾಮೆರಾ ಮುಟ್ಟಲೂ ಕೊಡುತ್ತಿರಲಿಲ್ಲ, ಬರೀ "ಮ್ಯಾಲೆ ಎತ್ತು, ಎಡಕ್ಕ ಬಾ, ಇನ್ನೂ ಎಡಕ್ಕ" ಅಷ್ಟೇ, ಕೈ ಸೋತು ಹೋಗುತ್ತಿತ್ತು, ಗೆಳೆಯರು ಯಾರಾದರೂ ಮದುವೆಗೆ ಬಂದಿದ್ದರೆ ನಾಚಿಕೆ ಬೇರೆ. ಆದರೆ ಅವರ ಒಂದು ಅಭ್ಯಾಸ ನನಗೆ ವಿಚಿತ್ರ ಅನಿಸುತ್ತಿತ್ತು. ಮಂಗಲ ಕಾರ್ಯಾಲಯಕ್ಕೆ ಹೋದ ತಕ್ಷಣ ಕಿಸೆಯಿಂದ ಒಂದು ಲಿಂಬೆಹಣ್ಣು ತೆಗೆದು, ಮದುಮಕ್ಕಳು ನಿಲ್ಲುವ ಜಾಗದಲ್ಲಿ ಮುಖದ ಎತ್ತರಕ್ಕೆ ಹಿಡಿದು ಸುತ್ತ ತಿರುಗುತ್ತಿದ್ದರು. ನಾನು ದೃಷ್ಟಿ ತೆಗೆಯುತ್ತಿದ್ದಾರೆ ಅಂದುಕೊಂಡಿದ್ದೆ!

ಕೇಳಿದಾಗ ನಕ್ಕರು. ಲಿಂಬೆಹಣ್ಣು ಅಂದರೆ ಅವರಿಗೆ ಸಣ್ಣ ಮುಖ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೆರಳಿನ ಅಂಚು ಚಾಕುವಿನಂತೆ ಇದೆಯೋ ಮೆತ್ತಗೆ ಇದೆಯೋ, ಕೆಳಭಾಗ ಕಪ್ಪಾಗಿದೆಯೋ, ಎಲ್ಲ ಅದರ ಮೇಲೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ ಬಣ್ಣ. ಲಿಂಬೆ ಹಳದಿಯಾಗಿ ಕಂಡರೆ ಸರಿ. ಕಿತ್ತಳೆಯ ಥರ ಕಂಡರೆ ಅಥವಾ ಹಸಿರುಗಟ್ಟಿದರೆ ಅಲ್ಲಿ ನಿಂತವರ ಮುಖವೂ ಹಾಗೇ ಬರುತ್ತದೆ. ನಮ್ಮ ಕಣ್ಣು ಮೋಸ ಹೋಗುತ್ತದೆ, ಮುಖ ಮುಖದ ಬಣ್ಣದ್ದೇ ಅಂತ ಮೆದುಳು ಸರಿ ಮಾಡಿ ತೋರಿಸಿಬಿಡುತ್ತದೆ. ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಇಂಡಿ ಲಿಂಬೆಯ ಸೀಮೆ ನಮ್ಮದು, ಲಿಂಬೆಗೆ ಬರ ಇಲ್ಲ. ಬಣ್ಣ ಹೊಂದಿಸಲು ಬಳಸುವ ಬೂದು ಹಾಳೆ, ಅಂದರೆ ಗ್ರೇ ಕಾರ್ಡ್, ಕೊಂಡರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಊಟ ಮಾಡುವಾಗ ಸಾರಿಗೆ ಹಿಂಡಿಕೊಳ್ಳಲು ಬರುವುದಿಲ್ಲ.

ಆಮೇಲೆ ಕ್ಯಾಮೆರಾ. ಹೊಸ ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾ ನನ್ನ ಕೈಗೆ ಎಟುಕುವಂತಿರಲಿಲ್ಲ. ಸೊಲ್ಲಾಪುರದಲ್ಲಿ ಒಬ್ಬರು ನಿಕಾನ್ ಡಿ750 ಮಾರುತ್ತಿದ್ದಾರೆ ಅಂತ ತಿಳಿಯಿತು. 2014ರಲ್ಲಿ ಬಂದ ಮಾಡೆಲ್, ಹಳೆಯದು. ಆದರೂ ನಾನು ಅದನ್ನೇ ಹುಡುಕಲು ಒಂದು ಕಾರಣ ಇತ್ತು: ಅದರಲ್ಲಿ ಎರಡು ಕಾರ್ಡ್ ಹಾಕಬಹುದು. ತೆಗೆದ ಫೋಟೋ ಎರಡರಲ್ಲೂ ಒಟ್ಟಿಗೆ ಕೂರುತ್ತದೆ. ಮದುವೆಗೆ ಒಂದೇ ಕಾರ್ಡಿನ ಕ್ಯಾಮೆರಾ ಒಯ್ಯಬೇಡಿ ಅಂತ ಕಾಕಾ ಪಟ್ಟು ಹಿಡಿದಿದ್ದರು. ಆ ಮಾತಿನ ಬೆಲೆ ಜನವರಿಯಲ್ಲಿ ಗೊತ್ತಾಯಿತು, ಹೇಳುತ್ತೇನೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ: ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಪರದೆ, ಎಷ್ಟು ಸಲ ಹೊಡೆದಿದೆ ಅಂತ ನೋಡಲೇಬೇಕು. ಅಲ್ಲೇ ಒಂದು ಫೋಟೋ ತೆಗೆದು, ಆ ಫೈಲಿನ ಮಾಹಿತಿಯಲ್ಲಿ ಶಟರ್ ಕೌಂಟ್ ನೋಡಿ. ಡಿ750ರ ಶಟರ್ 1,50,000 ಸಲಕ್ಕೆ ಪರೀಕ್ಷೆ ಆದದ್ದು. ನನಗೆ ಸಿಕ್ಕಿದ್ದು 61 ಸಾವಿರ ಹೊಡೆದಿತ್ತು. ಬಿಳಿ ಗೋಡೆಗೆ ಎಫ್/16 (ಲೆನ್ಸಿನ ಕಿಂಡಿ ಬಹಳ ಸಣ್ಣದು) ಇಟ್ಟು ಒಂದು ಫೋಟೋ ತೆಗೆಯಿರಿ, ಸೆನ್ಸರ್ ಮೇಲಿನ ಧೂಳು, ಗೀರು ಎಲ್ಲ ಚುಕ್ಕೆಯಾಗಿ ಕಾಣುತ್ತವೆ. ಮೂಲ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. 48 ಸಾವಿರ ಕೊಟ್ಟೆ. ಅದರಲ್ಲಿ 20 ಸಾವಿರ ಅವ್ವನ ಮಹಿಳಾ ಸಂಘದ ಸಾಲ. ಬಸ್ಸಿನಲ್ಲಿ ಬರುವಾಗ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಸಿನ ಹಾಗೆ ಅಪ್ಪಿಕೊಂಡು ಬಂದೆ.

ಬರೀ ಕ್ಯಾಮೆರಾ ಬಾಡಿಯಿಂದ ಏನೂ ಆಗುವುದಿಲ್ಲ ಅಲ್ವಾ. ಲೆನ್ಸ್, ಫ್ಲಾಶ್, ದೂರದ ಫ್ಲಾಶ್ ಹೊಡೆಸುವ ಟ್ರಿಗರ್, ಲ್ಯಾಪ್‌ಟಾಪ್ ಬೇಕು. ಮುದ್ರಾ ಸಾಲಕ್ಕೆ ಹಾಕಿದೆ. 50 ಸಾವಿರದವರೆಗೆ ಶಿಶು, ಅದಕ್ಕಿಂತ ಮೇಲೆ 5 ಲಕ್ಷದವರೆಗೆ ಕಿಶೋರ. ನನ್ನದು ಕಿಶೋರ. ಮೊದಲು ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಮಾಡಿಸಿ ಅಂದರು. ಇದು ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಇದು ಗೊತ್ತಿಲ್ಲದೆ ನಾನು ಒಂದು ಸೈಬರ್ ಸೆಂಟರಿನಲ್ಲಿ 500 ರೂಪಾಯಿ ಕೊಟ್ಟೆ. ಹದಿನೈದು ನಿಮಿಷದ ಕೆಲಸ. ನೀವು ಕೊಡಬೇಡಿ.

ಬ್ಯಾಂಕಿಗೆ ಆಧಾರ್, ಪ್ಯಾನ್, ಆರು ತಿಂಗಳ ಪಾಸ್‌ಬುಕ್ ಎಂಟ್ರಿ, ಉದ್ಯಮ್ ಪ್ರತಿ, ಫೋಟೋ, ಕೊಳ್ಳುವ ಸಾಮಾನಿನ ಕೊಟೇಶನ್ ಎಲ್ಲ ಕೊಟ್ಟೆ. ಒಂದು ವಾರ ಸಾಹೇಬರು ರಜೆ. ಆಮೇಲೆ ಕೊಟೇಶನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲೆನ್ಸ್ ಇದೆ, ಜಿಎಸ್‌ಟಿ ನಂಬರ್ ಇಲ್ಲ, ನಡೆಯುವುದಿಲ್ಲ ಅಂದರು. ಇದು ಯಾರೂ ನನಗೆ ಹೇಳಿರಲಿಲ್ಲ. ಹಳೆಯ ಸಾಮಾನಿಗೆ ಸ್ವಂತ ದುಡ್ಡು, ಹೊಸ ಸಾಮಾನಿಗೆ ಸಾಲ, ಹೀಗೆ ಮೊದಲೇ ಬೇರೆ ಮಾಡಿಕೊಂಡಿದ್ದರೆ ನನಗೆ ಒಂದು ತಿಂಗಳು ಉಳಿಯುತ್ತಿತ್ತು. ಹುಬ್ಬಳ್ಳಿಯ ಅಂಗಡಿಯಿಂದ ಹೊಸ ಕೊಟೇಶನ್ ತರಿಸಿದೆ. ಆಮೇಲೆ ಜಾಮೀನುದಾರರು ಬೇಕು ಅಂದರು. ಮುದ್ರಾಕ್ಕೆ ಜಾಮೀನು ಬೇಡ ಅಂತ ಅವರದ್ದೇ ಗೋಡೆಯ ಬೋರ್ಡಿನಲ್ಲಿ ಬರೆದಿತ್ತು. ಕೈ ತೋರಿಸಿದೆ. ಸಾಹೇಬರು ಬೋರ್ಡು ನೋಡಿದರು, ನನ್ನನ್ನು ನೋಡಿದರು, "ನಾಳೆ ಬರ್ರಿ" ಅಂದರು. ಏಳು ಸಲ ಓಡಾಡಿ, 52 ದಿನಕ್ಕೆ ಒಂದು ಲಕ್ಷ ಮಂಜೂರಾಯಿತು. ದುಡ್ಡು ನನ್ನ ಕೈಗೆ ಬರಲಿಲ್ಲ, ನೇರ ಅಂಗಡಿಯ ಖಾತೆಗೆ ಹೋಯಿತು. ಕಂತು ತಿಂಗಳಿಗೆ ಮೂರು ಸಾವಿರದ ಮೇಲೆ ಇನ್ನೂರೈವತ್ತು, ಮೂರು ವರ್ಷ.

ಜಿಎಸ್‌ಟಿ ಬಗ್ಗೆ ಹೆದರಬೇಡಿ. ನಮ್ಮಂಥ ಸೇವೆಯ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಅದರ ಮಾತು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಮದುವೆಯ ಫೋಟೋಗಳೂ ಹಳದಿಯಾಗಿರುತ್ತವೆ.

ಈಗ ಮೊದಲ ಆರ್ಡರ್. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ದೂರದ ಸಂಬಂಧಿಕರ ಪರಿಚಯ. 12 ಸಾವಿರಕ್ಕೆ ಒಪ್ಪಿಕೊಂಡೆ, ಆಲ್ಬಮ್ ಸೇರಿ. ಮನೆ ಮುಂದೆ ಹಂದರ. ಮೇ ತಿಂಗಳು, ಹಂದರದ ಹೊರಗೆ ನಿಂತರೆ ತಲೆ ಸುಡುವ ಬಿಸಿಲು. ನಾನು ಹಿಂದಿನ ದಿನ ಹೋಗಿ ಜಾಗ ನೋಡಲಿಲ್ಲ. ಬಸ್ ಚಾರ್ಜ್ ಉಳಿಸಿದೆ ಅಂತ ಖುಷಿ ಬೇರೆ ಪಟ್ಟಿದ್ದೆ.

ಬೆಳಿಗ್ಗೆ ಎಲ್ಲ ಚೆನ್ನಾಗೇ ಇತ್ತು. ಅರಿಶಿಣ ಹಚ್ಚಿದ್ದು, ಸುರಗಿ ಸುತ್ತಿದ್ದು, ನಾಲ್ಕು ಮೂಲೆಗೆ ಬಿಂದಿಗೆ ಇಟ್ಟು ನೂಲು ಸುತ್ತಿ ಒಳಗೆ ಕೂರಿಸಿ ನೀರು ಹಾಕಿದ್ದು, ಅದೆಲ್ಲ ಹಿತ್ತಲಿನಲ್ಲಿ, ಬೇವಿನ ಗಿಡದ ನೆರಳಿನ ಹೊರಗೆ, ಏಳು ಗಂಟೆಯ ಎಳೆಬಿಸಿಲಿನಲ್ಲಿ. ನೀರಿನ ಹನಿಗಳ ಹಿಂದಿನಿಂದ ಬೆಳಕು ಬಂದು ಮುತ್ತು ಉದುರಿದಂತೆ ಬಂದಿವೆ ಆ ಫೋಟೋಗಳು. ಇವತ್ತಿಗೂ ಯಾರಿಗಾದರೂ ತೋರಿಸುವುದಾದರೆ ಅವನ್ನೇ ತೋರಿಸುತ್ತೇನೆ.

12 ಗಂಟೆ 35ಕ್ಕೆ ಅಕ್ಕಿಕಾಳು. ಹಂದರದ ಮೇಲ್ಬಟ್ಟೆ ಕೆಂಪು, ನಡುವೆ ಹಳದಿ ಪಟ್ಟೆ. ನೆತ್ತಿಯ ಸೂರ್ಯನ ಬೆಳಕು ಆ ಬಟ್ಟೆಯಿಂದ ಸೋಸಿಕೊಂಡು ಕೆಳಗೆ ಬರುತ್ತಿತ್ತು. ಕಣ್ಣಿಗೆ ಚಂದವೇ ಕಾಣುತ್ತಿತ್ತು. ಕಿಸೆಯಲ್ಲಿ ಲಿಂಬೆಹಣ್ಣು ಇತ್ತು, ತೆಗೆಯಲು ಪುರುಸೊತ್ತಾಗಲಿಲ್ಲ. ಅದು ಸುಳ್ಳು. ನೂರಾರು ಜನರ ಮುಂದೆ ಲಿಂಬೆಹಣ್ಣು ಹಿಡಿದು ತಿರುಗಲು ನಾಚಿಕೆಯಾಯಿತು. ಮೇಲಿಂದ ನಾನು ಇನ್ನೊಂದು ಘನಂದಾರಿ ಕೆಲಸ ಮಾಡಿದೆ. ಫ್ಲಾಶ್ ಅನ್ನು ಯಾವತ್ತೂ ನೇರ ಮುಖಕ್ಕೆ ಹೊಡೆಯಬಾರದು, ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬೇಕು ಅಂತ ವಿಡಿಯೋಗಳಲ್ಲಿ ನೋಡಿದ್ದೆ. ಹಾಗೇ ಮಾಡಿದೆ. ಬಿಳಿ ಸ್ಲ್ಯಾಬ್ ಇದ್ದರೆ ಅದು ಸರಿ. ನಾನು ಹೊಡೆದದ್ದು ಕೆಂಪು ಬಟ್ಟೆಗೆ. ಇದ್ದ ಕೆಂಪಿನ ಮೇಲೆ ಇನ್ನಷ್ಟು ಕೆಂಪು ಸುರಿಯಿತು.

ಇನ್ನೊಂದು ಎಡವಟ್ಟು. ಅಂತರಪಟ ಸರಿಸುವ ಹೊತ್ತಿಗೆ 50 ಎಂಎಂ ಲೆನ್ಸ್ ಎಫ್/1.8ರಲ್ಲಿ, ಅಂದರೆ ಕಿಂಡಿ ಅಗಲವಾಗಿ ತೆರೆದು, ಇತ್ತು, ಹಿಂದೆ ಮಸುಕಾಗಿ ಚಂದ ಬರಲಿ ಅಂತ. ಮದುಮಗನ ಕಣ್ಣು ಸ್ಪಷ್ಟ, ಒಂದು ಮೊಳ ಹಿಂದಿದ್ದ ಮದುಮಗಳು ಮಂಜು ಮಂಜು. ಇಬ್ಬರು ಚೌಕಟ್ಟಿನಲ್ಲಿದ್ದರೆ ಈಗ ಎಫ್/4ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮನೆಮಂದಿಯ ಗುಂಪಿದ್ದರೆ 5.6 ಅಥವಾ 8.

ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಎಲ್ಲರ ಮುಖ ಕೆಂಪು. ಅಜ್ಜನ ಬಿಳಿ ಪಟಗ ಗುಲಾಬಿ. ಹಸಿರು ಇಳಕಲ್ ಸೀರೆ ಕಂದು. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಇದೆ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವುದು) ಸರಿ ಮಾಡಿದರೆ ಆಯಿತು ಅಂತ ಧೈರ್ಯ ತಂದುಕೊಂಡೆ. ಆಗಲಿಲ್ಲ. ಯಾಕೆ ಅಂತ ಕಾಕಾ ಮರುದಿನ ತಿಳಿಸಿದರು. ಕೆಂಪು ಬಟ್ಟೆ ನೀಲಿ ಮತ್ತು ಹಸಿರು ಬೆಳಕನ್ನು ತಾನೇ ತಿಂದುಬಿಡುತ್ತದೆ. ಕೆಳಗೆ ಬಾರದ ಬಣ್ಣ ಕ್ಯಾಮೆರಾದಲ್ಲಿ ಎಲ್ಲಿಂದ ಬರಬೇಕು? ಬಲ್ಬಿನ ಹಳದಿಯನ್ನು ಸರಿ ಮಾಡಬಹುದು, ಅದರಲ್ಲಿ ಎಲ್ಲ ಬಣ್ಣ ಹೆಚ್ಚು ಕಡಿಮೆ ಇರುತ್ತವೆ. ಇಲ್ಲಿ ಎಳೆದಷ್ಟೂ ಮುಖದ ಮೇಲೆ ಬರೀ ಕಾಳು ಕಾಳು ನಾಯ್ಸ್ ಬಂತು.

ಹನ್ನೆರಡು ದಿನ ಕೂತು ಒಂದೊಂದೇ ಫೋಟೋ ತಿದ್ದಿದೆ. ತೀರಾ ಕೆಟ್ಟ ಮೂವತ್ತನ್ನು ಕಪ್ಪು ಬಿಳುಪು ಮಾಡಿದೆ. ನನಗಂತೂ ಬಹಳ ಕಲಾತ್ಮಕವಾಗಿ ಕಂಡವು. ತೋರಿಸಲು ಹೋದೆ. ಮದುಮಗಳ ಅವ್ವ ಒಂದೊಂದೇ ನೋಡಿ, "ತಮ್ಮಾ, ಇದೇನೋ ಇದು? ಅರಿಶಿಣ ಬೆಳಿಗ್ಗಿ ತೊಳಕೊಂಡಾಳಲ್ಲೋ, ಮತ್ಯಾಕ ಕೆಂಪಗ ಕಾಣಾಕತ್ತಾಳ?" ಅಂದರು. ಕಪ್ಪು ಬಿಳುಪಿನವು ಬಂದಾಗ ಅಜ್ಜ ಕನ್ನಡಕ ಸರಿ ಮಾಡಿಕೊಂಡು, "ಇವು ಬ್ಯಾಡ ತೆಗಿ. ಸತ್ತವರ ಫೋಟೋ ಇದ್ದಂಗ ಅದಾವ" ಅಂದುಬಿಟ್ಟರು. ನಮ್ಮ ಕಡೆ ಮದುವೆ ಆಲ್ಬಮ್‌ನಲ್ಲಿ ಕಪ್ಪು ಬಿಳುಪು ಹಾಕುವ ಮುಂಚೆ ಮನೆಯವರನ್ನು ಕೇಳಿ. ಬೈಯಲಿಲ್ಲ ಅವರು, ಪುಣ್ಯಕ್ಕೆ ಸುರಗಿಯ ಫೋಟೋಗಳು ಉಳಿಸಿದವು. ಬಾಕಿಯಲ್ಲಿ ಎರಡು ಸಾವಿರ ಮುರಿದುಕೊಂಡರು. ಆಲ್ಬಮ್‌ಗೆ 5,500, ಸಹಾಯಕ್ಕೆ ಬಂದ ಹುಡುಗನಿಗೆ 1,000, ಓಡಾಟ, ಪೆನ್‌ಡ್ರೈವ್ ಎಲ್ಲ ಕಳೆದು ಕೈಗೆ ಉಳಿದದ್ದು ಎರಡೂವರೆ ಸಾವಿರ ಚಿಲ್ಲರೆ. ಲೆಕ್ಕ ಬರೆಯುತ್ತಿದ್ದವನಿಗೇ ಲೆಕ್ಕ ತಪ್ಪಿತ್ತು.

ಹಂದರದ ಕೆಳಗೆ ಈಗ ಏನು ಮಾಡುತ್ತೇನೆ ಅಂತ ಹೇಳಿಬಿಡುತ್ತೇನೆ, ನಮ್ಮ ಕಡೆ ಇದೇ ದೊಡ್ಡ ತಲೆನೋವು. ಆರ್ಡರ್ ಹಿಡಿಯುವಾಗಲೇ ಶಾಮಿಯಾನದವರ ನಂಬರ್ ಇಸಿದುಕೊಳ್ಳುತ್ತೇನೆ. ಮದುಮಕ್ಕಳು ನಿಲ್ಲುವ ಜಾಗದ ಮೇಲಾದರೂ ಬಿಳಿ ಬಟ್ಟೆ ಹಾಕಿ ಅಂತ ಕೇಳುತ್ತೇನೆ. ಬಹಳ ಜನ ಒಪ್ಪುತ್ತಾರೆ, ಕೇಳುವವರೇ ಇರುವುದಿಲ್ಲ ಅಷ್ಟೇ. ಆಗದಿದ್ದರೆ ಫ್ಲಾಶ್ ಅನ್ನು ಸ್ಟ್ಯಾಂಡಿಗೆ ಹಾಕಿ, ಬಿಳಿ ಛತ್ರಿ ಕಟ್ಟಿ, ಪಕ್ಕದಿಂದ ಆರೇಳು ಅಡಿ ದೂರದಲ್ಲಿ ನಿಲ್ಲಿಸುತ್ತೇನೆ. ಶಟರ್ 1/200 (ಸೆಕೆಂಡಿನ ಇನ್ನೂರನೇ ಒಂದು ಭಾಗ), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಎಫ್/5.6. ಹೀಗಿಟ್ಟರೆ ಹಂದರದ ಕೆಂಪು ಬೆಳಕು ಹಿಂದೆ ಸರಿದು ಮುಖದ ಮೇಲೆ ಫ್ಲಾಶಿನ ಬಿಳಿ ಬೆಳಕೇ ಮೇಲುಗೈ ಆಗುತ್ತದೆ. 1/200ಕ್ಕಿಂತ ಜೋರಾಗಿ ಹೋಗಬೇಡಿ, ಫೋಟೋದಲ್ಲಿ ಒಂದು ಕಡೆ ಕಪ್ಪು ಪಟ್ಟಿ ಬರುತ್ತದೆ. ಫ್ಲಾಶಿನ ಹೈ ಸ್ಪೀಡ್ ಸಿಂಕ್ ಸೆಟ್ಟಿಂಗ್ ಹಾಕಿದರೆ ಪಟ್ಟಿ ಹೋಗುತ್ತದೆ, ಫ್ಲಾಶಿನ ಶಕ್ತಿಯೂ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಇನ್ನು ಗುಂಪು ಫೋಟೋಗಳನ್ನು ಹಂದರದ ಕೆಳಗೆ ತೆಗೆಯುವುದೇ ಇಲ್ಲ. ಮನೆಯ ನೆರಳು ಬಿದ್ದ ಗೋಡೆ ಹುಡುಕಿ ಅಲ್ಲಿಗೆ ಕರೆಯುತ್ತೇನೆ. "ಅಷ್ಟು ದೂರ ಯಾರ ಬರ್ತಾರ್ರೀ" ಅನ್ನುತ್ತಾರೆ. ಬರುತ್ತಾರೆ. ಮೊದಲು ಹಿರಿಯರೊಬ್ಬರನ್ನು ಕುರ್ಚಿ ಹಾಕಿ ಕೂರಿಸಿಬಿಡಿ, ಉಳಿದವರು ತಾವಾಗಿಯೇ ಬಂದು ನಿಲ್ಲುತ್ತಾರೆ.

ಆ ಮೊದಲ ಮದುವೆ ಆದ ಮೇಲೆ ಮತ್ತೆ ಗೊಬ್ಬರದ ಅಂಗಡಿಗೆ ಹೋಗಿಬಿಡಲಾ ಅಂತ ಅನಿಸಿತ್ತು. ಆ ಮಳೆಗಾಲವೆಲ್ಲ ಅಭ್ಯಾಸ ಮಾಡಿದೆ. ತಂಗಿಯನ್ನು ಕರೆದುಕೊಂಡು ಇಬ್ರಾಹಿಂ ರೋಜಾಕ್ಕೆ ಹೋಗುತ್ತಿದ್ದೆ. ಆ ಕಮಾನುಗಳ ಕೆಳಗೆ ಒಂದೊಂದು ಹೆಜ್ಜೆಗೂ ಬೆಳಕು ಬದಲಾಗುತ್ತದೆ. ಅಂಚಿನಲ್ಲಿ ನಿಂತರೆ ಮುಖದ ಮೇಲೆ ಮೆತ್ತನೆಯ ಬೆಳಕು, ಎರಡು ಹೆಜ್ಜೆ ಒಳಗೆ ಹೋದರೆ ಕಣ್ಣು ಗುಳಿಬಿದ್ದಂತೆ. ಗೋಳಗುಮ್ಮಟದ ಒಳಗಂತೂ ಬಾಗಿಲಿನಿಂದ ಬರುವ ಬೆಳಕು ಬಿಟ್ಟರೆ ಉಳಿದದ್ದು ನಸುಗತ್ತಲು, ಐಎಸ್ಒ 3200 ಅಂದರೆ ಏನು ಅಂತ ಅಲ್ಲೇ ಕಲಿತೆ. ಟ್ರೈಪಾಡ್ ಒಯ್ದಿದ್ದೆ, ಕಾವಲಿನವರು ಗೇಟಿನಲ್ಲೇ ತಡೆದರು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ತೆಗೆಯಬಹುದು, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಪ್ರೀ ವೆಡ್ಡಿಂಗ್ ಅಂತ ಜೋಡಿಯನ್ನು ಕರೆದುಕೊಂಡು ಹೋಗಿ ಗೇಟಿನಲ್ಲಿ ಮರ್ಯಾದೆ ಕಳೆದುಕೊಳ್ಳಬೇಡಿ.

ಸೀಜನ್ ಶುರುವಾಯಿತು. ಈ ಸಲ ಊರೊಳಗಿನ ಮಂಗಲ ಕಾರ್ಯಾಲಯಗಳು. ಹಂದರದ ಕಷ್ಟ ಗೊತ್ತಾಗಿತ್ತು, ಇಲ್ಲಿ ಬೇರೆಯೇ ಕಥೆ. ವೇದಿಕೆಯ ಹಿಂದೆ ದೊಡ್ಡ ಎಲ್ಇಡಿ ಪರದೆ, ಎರಡೂ ಕಡೆ ನೀಲಿ ಗುಲಾಬಿ ಪಾರ್ ಲೈಟು, ಮೇಲೆ ಬಿಳಿ ಎಲ್ಇಡಿ, ವಿಡಿಯೋದವರ ಹಳದಿ ಫೋಕಸ್ ಲೈಟು. ಒಂದೇ ಮುಖದ ಮೇಲೆ ನಾಲ್ಕು ಬಣ್ಣ. ಆರತಕ್ಷತೆಯ ಮೊದಲ ಇಪ್ಪತ್ತು ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು. ಕ್ಯಾಮೆರಾ ಹೋಯಿತು, 48 ಸಾವಿರ ನೀರಿಗೆ ಬಿತ್ತು ಅಂದುಕೊಂಡೆ. ಕೈ ನಡುಗಿತು. ಕಾಕಾಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ, ಅವರೂ ಒಂದು ಮದುವೆಯಲ್ಲಿ ಇದ್ದರು.

ಅದು ಕ್ಯಾಮೆರಾದ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್ಇಡಿ, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಶಟರ್ 1/250ರಲ್ಲಿ ಇದ್ದರೆ ಒಂದು ಮಿಣುಕಿನ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಸಿಗುತ್ತದೆ, ಅದಕ್ಕೇ ಪಟ್ಟೆ. 1/100 ಅಥವಾ 1/50 ಇಟ್ಟರೆ ಪೂರ್ತಿ ಮಿಣುಕು ಸಿಕ್ಕಿ ಪಟ್ಟೆ ಹೋಗುತ್ತದೆ. ಕೆಲವು ಹೊಸ ಕ್ಯಾಮೆರಾಗಳಲ್ಲಿ ಮಿಣುಕು ತಪ್ಪಿಸುವ ಸೆಟ್ಟಿಂಗೇ ಇರುತ್ತದೆ, ಫೋಟೋ ತೆಗೆಯಲು ನನ್ನದರಲ್ಲಿ ಇಲ್ಲ. ಆದರೆ 1/100ರಲ್ಲಿ ಅಕ್ಕಿಕಾಳು ಗೆರೆ ಗೆರೆಯಾಗಿ ಬರುತ್ತವಲ್ಲ? ಅಲ್ಲಿ ಫ್ಲಾಶ್ ಕೆಲಸಕ್ಕೆ ಬರುತ್ತದೆ. ಫ್ಲಾಶ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಹೊಡೆದು ಆರಿಹೋಗುತ್ತದೆ, ಶಟರ್ ನಿಧಾನವಿದ್ದರೂ ಕಾಳು ಗಾಳಿಯಲ್ಲಿ ನಿಂತಂತೆ ಬರುತ್ತವೆ. ಡಿಜೆಯವರ ಬಣ್ಣದ ಲೈಟುಗಳಿಗೆ ಈ 1/100ರ ಲೆಕ್ಕ ಯಾವಾಗಲೂ ಕೂಡಿಬರುವುದಿಲ್ಲ, ಅವುಗಳ ಮಿಣುಕು ಬೇರೆ. ಮೊದಲೇ ಹೋಗಿ ನಾಲ್ಕೈದು ಶಟರ್‌ನಲ್ಲಿ ಹೊಡೆದು ನೋಡಿಟ್ಟುಕೊಳ್ಳಬೇಕು.

ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಡಬೇಡಿ. ಪರದೆಯ ಚಿತ್ರ ಬದಲಾದ ಹಾಗೆಲ್ಲ ಕ್ಯಾಮೆರಾ ತನ್ನ ಮನಸ್ಸನ್ನೂ ಬದಲಾಯಿಸುತ್ತದೆ, ಆಮೇಲೆ ಎರಡು ಸಾವಿರ ಫೋಟೋಗೆ ಎರಡು ಸಾವಿರ ಬಣ್ಣ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್‌ನಲ್ಲಿ ಒಂದು ನಂಬರ್ ಇಟ್ಟು ಬಿಟ್ಟುಬಿಡಿ. ಫ್ಲಾಶಿನ ಬೆಳಕು 5500ರ ಆಸುಪಾಸು, ಹಳದಿ ಬಲ್ಬಿನದು 3000ದ ಆಸುಪಾಸು. ಹಾಲ್ ಹಳದಿ ಇದ್ದರೆ ಫ್ಲಾಶಿನ ಮುಖಕ್ಕೆ ಕಿತ್ತಳೆ ಜೆಲ್ (ಬೆಳಕು ದಾಟುವ ಬಣ್ಣದ ಹಾಳೆ) ಅಂಟಿಸಿದರೆ ಎರಡೂ ಒಂದಾಗುತ್ತವೆ. ಒಂದು ಸಲ ಜೆಲ್ ಮರೆತು ಹೋಗಿದ್ದೆ, ಅಡುಗೆಯವರ ಹತ್ತಿರ ಸ್ವೀಟ್ ಬಾಕ್ಸಿನ ಕಿತ್ತಳೆ ಹಾಳೆ ಇಸಿದುಕೊಂಡು ಅಂಟಿಸಿದೆ. ಕೆಲಸ ನಡೆಯಿತು, ಆದರೆ ರಾತ್ರಿಯೆಲ್ಲ ಫ್ಲಾಶಿಗೆ ಇರುವೆ.

ಎಲ್ಇಡಿ ಪರದೆ ಮುಂದೆ ನಿಂತವರ ಮುಖ ಕಪ್ಪಗೆ ಬರುತ್ತದೆ, ಅದಕ್ಕೆ ಅರ್ಧ ಮದ್ದು ಕ್ಯಾಮೆರಾದಲ್ಲಿ ಇಲ್ಲವೇ ಇಲ್ಲ. ಪರದೆ ನಡೆಸುವ ಹುಡುಗನ ಹತ್ತಿರ ಹೋಗಿ ಚಹಾ ಕುಡಿಸಿ, ಬೆಳಕು ಕಡಿಮೆ ಮಾಡಪ್ಪಾ ಅಂತ ಹೇಳಬೇಕು. ವಿಡಿಯೋದವರ ಜೊತೆಗೂ ಹಾಗೇ. ಮೊದಮೊದಲು ಅವರ ಜೊತೆ ಜಗಳವೇ, ಅವರ ಲೈಟು ನನಗೆ ಅಡ್ಡ, ನನ್ನ ಬೆನ್ನು ಅವರಿಗೆ ಅಡ್ಡ. ಈಗ ಬೆಳಿಗ್ಗೆ ನಾಷ್ಟಾ ಅವರ ಜೊತೆಗೇ ಕೂತು ಮಾಡುತ್ತೇನೆ. ತಾಳಿ ಕಟ್ಟುವಾಗ ಯಾರು ಎಲ್ಲಿ ನಿಲ್ಲುವುದು, ಅವರ ಲೈಟು ಎಷ್ಟು ಎತ್ತರ, ಎಲ್ಲ ಉಪ್ಪಿಟ್ಟು ತಿನ್ನುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ.

ಬೌನ್ಸ್ ಮಾಡುವ ಮುಂಚೆ ತಲೆ ಎತ್ತಿ ನೋಡಿ. ಒಂದು ಹಾಲಿನ ಸ್ಲ್ಯಾಬಿಗೆ ತಿಳಿಹಸಿರು ಬಣ್ಣ ಬಳಿದಿದ್ದರು, ಬೀಗರೆಲ್ಲ ಕಾಮಾಲೆ ಬಂದವರಂತೆ ಬಂದರು. ಇನ್ನೊಂದು ಕಡೆ ತಗಡಿನ ಶೆಡ್, ಮೂವತ್ತು ಅಡಿ ಎತ್ತರ, ಹೊಡೆದ ಫ್ಲಾಶ್ ವಾಪಸ್ಸೇ ಬರಲಿಲ್ಲ. ಅಂಥ ಕಡೆ ಈಗ ಒಂದು ಬಿಳಿ ಥರ್ಮಾಕೋಲ್ ಹಾಳೆ ಒಯ್ಯುತ್ತೇನೆ, ಹುಡುಗ ಪಕ್ಕದಲ್ಲಿ ಹಿಡಿಯುತ್ತಾನೆ, ಅದಕ್ಕೆ ಬೌನ್ಸ್. 40 ರೂಪಾಯಿ ಸಾಮಾನು.

ಹೋಮದ ಹೊಗೆ ಇದ್ದಾಗ ಎದುರಿನಿಂದ ಫ್ಲಾಶ್ ಹೊಡೆದರೆ ಬಿಳಿ ಗೋಡೆ ಎದ್ದಂತೆ ಆಗುತ್ತದೆ, ಪಕ್ಕದಿಂದ ಹೊಡೆಯಿರಿ. ಮೆರವಣಿಗೆಯಲ್ಲಿ ಡಿಜೆ ಲೇಸರ್ ಕಡೆಗೆ ಕ್ಯಾಮೆರಾ ತಿರುಗಿಸಲೇಬೇಡಿ, ಸೆನ್ಸರ್ ಸುಟ್ಟು ಗೆರೆ ಬಿದ್ದುಬಿಡುತ್ತದೆ, ಅದಕ್ಕೆ ರಿಪೇರಿ ಇಲ್ಲ, ಸೆನ್ಸರ್ ಬದಲಿಸುವುದೊಂದೇ. ಏಪ್ರಿಲ್ ಬಿಸಿಲಿನಲ್ಲಿ ಫ್ಲಾಶ್ ಅನ್ನು ಪಟಪಟ ಅಂತ ಫುಲ್ ಪವರ್‌ನಲ್ಲಿ ಹೊಡೆದರೆ ಕಾದು ತಾನೇ ನಿಧಾನವಾಗುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೇ ಹಾಗಾಯಿತು ನನಗೆ. ಈಗ ಎರಡನೇ ಫ್ಲಾಶ್ ಒಂದು ಮೊದಲೇ ಆನ್ ಮಾಡಿ ಕೊರಳಿಗೆ ಹಾಕಿಕೊಂಡಿರುತ್ತೇನೆ.

ಜನವರಿಯ ಕಥೆ. ಬಾಗಲಕೋಟೆ ನವನಗರದಲ್ಲಿ ಮದುವೆ, ಮುಗಿಸಿ ಬಂದು ಕಾರ್ಡ್ ಹಾಕಿದರೆ "ಫಾರ್ಮ್ಯಾಟ್ ಮಾಡಿ" ಅಂತ ಬಂತು. 1,700 ಫೋಟೋ. ನಾನು ಹತ್ತು ನಿಮಿಷ ಆ ಪರದೆಯನ್ನೇ ನೋಡುತ್ತಾ ಕೂತಿದ್ದೆ, ಎರಡನೇ ಕಾರ್ಡ್ ಇದೆ ಅನ್ನುವುದೇ ತಲೆಗೆ ಹೊಳೆಯಲಿಲ್ಲ. ಅವ್ವ ಊಟಕ್ಕೆ ಕರೆಯಲು ಬಂದವರು "ಇನ್ನೊಂದರಾಗ ಇರ್ತಾವ ಅಂದಿದ್ದೆಲ್ಲೋ" ಅಂದರು. ಇದ್ದವು, ಎಲ್ಲ ಇದ್ದವು. ಅವತ್ತಿನಿಂದ ಕಾರ್ಡ್ ಖಾಲಿ ಮಾಡುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಮತ್ತೊಂದು ಡಿಸ್ಕ್ ಕಾಕಾನ ಮನೆಯಲ್ಲಿ.

ಆಲ್ಬಮ್‌ನಲ್ಲೂ ಒಂದು ಏಟು ತಿಂದೆ. ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡುತ್ತಿದ್ದೆ. ಪ್ರಿಂಟ್ ಆಗಿ ಬಂದದ್ದು ಮೋಡ ಕವಿದಂತೆ ಕಪ್ಪು. ಆಲ್ಬಮ್ ಹೊಸದಾಗಿ ಮಾಡಿಸಿಕೊಟ್ಟೆ, 6,200 ನನ್ನ ಕಿಸೆಯಿಂದ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಮೊದಲು ನಾಲ್ಕು ಫೋಟೋ ಸಣ್ಣ ಸೈಜಿನಲ್ಲಿ ಅದೇ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ ನೋಡಿ.

ದುಡ್ಡಿನ ವಿಷಯ. ಮೊದಲೆಲ್ಲ ಬಾಯಿಮಾತಿನಲ್ಲೇ ವ್ಯವಹಾರ. "ಒಣದ್ರಾಕ್ಷಿ ಮಾರಿದ ಮ್ಯಾಲ ಕೊಡ್ತೀವಿ" ಅಂದವರು ಇನ್ನೂ ದರ ಏರಲಿ ಅಂತ ಕಾಯುತ್ತಿದ್ದಾರೆ. ಅವರದ್ದೇನು ಮೋಸ ಅಲ್ಲ, ನಿಜವಾಗಿಯೂ ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಇದೆ. ಆದರೆ ನನ್ನ ಕಂತು ದ್ರಾಕ್ಷಿ ದರ ಕೇಳುವುದಿಲ್ಲ. ಈಗ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸುತ್ತೇನೆ: ಎಷ್ಟು ದಿನ, ಎಷ್ಟು ಶೀಟಿನ ಆಲ್ಬಮ್, ಯಾವಾಗ ಕೊಡುತ್ತೇನೆ, ಅಡ್ವಾನ್ಸ್ ಅರ್ಧ, ಮದುವೆ ದಿನ ಇನ್ನು ಕಾಲು ಭಾಗ, ಆಲ್ಬಮ್ ಕೈಗೆ ಕೊಟ್ಟಾಗ ಉಳಿದದ್ದು. ಸಂಬಂಧಿಕರಿಗೂ ಇದೇ. ಸಂಬಂಧಿಕರಿಗೆ ಮೊದಲು.

ಈ ಸೀಜನ್‌ನಲ್ಲಿ ಒಂದು ಮದುವೆಗೆ 18ರಿಂದ 30 ಸಾವಿರದವರೆಗೆ ತಗೊಂಡಿದ್ದೇನೆ. ಎಲ್ಲ ಖರ್ಚು, ಕಂತು, ಅವ್ವನ ಸಂಘದ ಸಾಲ ತೀರಿಸಿ ನೋಡಿದರೆ ಗೊಬ್ಬರದ ಅಂಗಡಿಯ ಸಂಬಳಕ್ಕಿಂತ ತುಸು ಜಾಸ್ತಿ. ತುಸುವೇ. ಸೊಂಟ ನೋವು ಬೇರೆ ಫ್ರೀ. ಎರಡು ಲಕ್ಷದ ಲೆಕ್ಕ ಹೇಳುವವರು ಆಷಾಢ, ಪಿತೃಪಕ್ಷ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಿನ್ನೆ ಧೂಳು ಒರೆಸುತ್ತಿರುವಾಗಲೇ ಫೋನ್ ಬಂತು. ಬಾಗೇವಾಡಿ ಕಡೆಯ ಆ ಮೊದಲ ಮದುಮಗಳ ಅವ್ವ. ನಂಬರ್ ನೋಡಿ ಎದೆ ಝಲ್ ಅಂದಿತು, ಫೋಟೋ ಮಾಸಿವೆಯೇನೋ ಅಂತ. "ತಮ್ಮಾ, ಮಗಳದು ಕುಬಸ ಐತಿ, ಶ್ರಾವಣದಾಗ. ನೀನs ಬರಬೇಕು ನೋಡು" ಅಂದರು. ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ಎಲ್ಲಿ ಮಾಡುತ್ತೀರಿ ಅಕ್ಕಾರ, ಅಂದೆ. "ಮನಿ ಮುಂದs. ಶಾಮಿಯಾನದವಗ ನಾನs ಹೇಳೀನಿ, ಕೆಂಪು ಅರಿವಿ ತಂದರ ಹೊರಗ ಹಾಕ್ತೀನಿ ಅಂತ. ಬಿಳೀದು ಹಾಕಸ್ತೀನಿ. ಅದರ ಬಾಡಿಗಿ ನಿನ್ನ ರೊಕ್ಕದಾಗ ಮುರೀತೀನಿ."

ಆಯಿತು ಅಂದೆ. ಹಿಂದಿನ ದಿನ ಬಂದು ಒಂದು ಸಲ ಜಾಗ ನೋಡಿ ಹೋಗುತ್ತೇನೆ ಅಂತಲೂ ಹೇಳಿದೆ. "ಬಾ, ಊಟಕ್ಕs ಬಾ" ಅಂದರು. ಹೊಸ ಲಿಂಬೆಹಣ್ಣು ತರಬೇಕು.